ಬಲ್ಬ್ ಸರಿಯಿದೆ, ಬ್ರೇಕ್ ಲೈಟ್ ಮಾತ್ರ ಉರಿಯುತ್ತಿಲ್ಲ

ಕಾರಿನಲ್ಲಿ ಏನೇ ಕೆಟ್ಟರೂ ಮೊದಲು ಗೊತ್ತಾಗುವುದು ಓಡಿಸುವವರಿಗೆ. ಬ್ರೇಕ್ ಲೈಟ್ ಇದಕ್ಕೆ ಹೊರತು. ಅದು ಇರುವುದೇ ಹಿಂದೆ ಬರುವವರಿಗಾಗಿ. ಅವರಲ್ಲಿ ಯಾರಾದರೂ ಪುಣ್ಯಾತ್ಮರು ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು ಗಾಜು ತಟ್ಟಿ ಹೇಳಿದರೆ ಉಂಟು. ಇಲ್ಲದಿದ್ದರೆ ಎಡಗಡೆಯದು ಹೋಗಿ ತಿಂಗಳುಗಟ್ಟಲೆಯಾಗಿ, ಬಲಗಡೆಯದೂ ಹೋದ ಮೇಲೆಯೇ ಸುದ್ದಿ ತಲುಪುವುದು. ಶಿರಾಡಿ ಘಾಟಿಯ ಮಳೆಯಲ್ಲೋ ಚಾರ್ಮಾಡಿಯ ಮಂಜಿನಲ್ಲೋ ಇಳಿಯುವಾಗ ನಾವು ವೇಗ ತಗ್ಗಿಸಿದ್ದು ಹಿಂದಿನ ಲಾರಿಯವರಿಗೆ ತಿಳಿಯುವುದು ಆ ಕೆಂಪು ದೀಪಗಳಿಂದಲೇ.

ಗೊತ್ತಾದ ಮೇಲೆ ನಡೆಯುವುದು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಬಲ್ಬ್ ಬದಲಾಯಿಸುತ್ತಾರೆ, ಉರಿಯುವುದಿಲ್ಲ. ಸ್ವಿಚ್ ಬದಲಾಯಿಸುತ್ತಾರೆ, ಆಗಲೂ ಇಲ್ಲ. ಕೊನೆಗೆ ‘ವೈರಿಂಗ್ ಪ್ರಾಬ್ಲಂ’ ಎಂದು ಹೇಳಿ ಹೊಸ ವೈರ್ ಒಂದನ್ನು ಮ್ಯಾಟ್ ಕೆಳಗಿನಿಂದ ಎಳೆದು ಡಿಕ್ಕಿಗೆ ಒಯ್ಯುತ್ತಾರೆ. ಆ ಹೊತ್ತಿಗೆ ಬಿಲ್ ಸಾವಿರ ದಾಟಿರುತ್ತದೆ. ಮೂಲ ದೋಷ ಟೇಲ್ ಲ್ಯಾಂಪಿನ ಹಿಂದೆ, ಕಿಲುಬು ಹಿಡಿದ ಒಂದು ಪಿನ್ನಿನಲ್ಲಿ ಹಾಗೆಯೇ ಕೂತಿರುತ್ತದೆ.

ಇಷ್ಟೆಲ್ಲ ಊಹೆ ಬೇಕಾಗಿಯೇ ಇಲ್ಲ. ಕಾರಿನ ವೈರಿಂಗಿನಲ್ಲಿ ಇದಕ್ಕಿಂತ ಸರಳ ಸರ್ಕ್ಯೂಟ್ ಸಿಗುವುದು ಕಷ್ಟ. ಬ್ಯಾಟರಿಯಿಂದ ಫ್ಯೂಸ್, ಫ್ಯೂಸಿನಿಂದ ಪೆಡಲ್ ಮೇಲಿನ ಸ್ವಿಚ್, ಅಲ್ಲಿಂದ ಒಂದೇ ವೈರ್ ಹಿಂದಕ್ಕೆ ಹೋಗಿ ಕವಲೊಡೆದು ಎಡ, ಬಲ ಮತ್ತು ಹಿಂಬದಿಯ ನಡುವೆ ಮೇಲಿರುವ ಮೂರನೇ ದೀಪಕ್ಕೆ ಸೇರುತ್ತದೆ. ದೀಪದ ಇನ್ನೊಂದು ಕಡೆ ಕಾರಿನ ಲೋಹದ ಬಾಡಿಗೆ, ಅಂದರೆ ಅರ್ತ್‌ಗೆ. ಕರೆಂಟ್ ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿ ಅದು. ಹೆಚ್ಚಿನ ಕಾರುಗಳಲ್ಲಿ ಇದಕ್ಕೆ ಇಗ್ನಿಷನ್ ಕೂಡ ಬೇಕಿಲ್ಲ, ಕೀ ತೆಗೆದು ಪೆಡಲ್ ಒತ್ತಿದರೂ ಉರಿಯುತ್ತದೆ. ಹೊಸ ಕಾರುಗಳಲ್ಲಿ ನಡುವೆ ಒಂದು ಕಂಪ್ಯೂಟರ್ ಬಂದು ಕೂತಿದೆ, ಅದರ ಮಾತು ಆಮೇಲೆ. ಮೊದಲು ಮಾಡಬೇಕಾದ್ದು ಒಂದೂ ಸ್ಕ್ರೂ ಬಿಚ್ಚದೆ, ಯಾವುದು ಉರಿಯುತ್ತಿದೆ, ಯಾವುದು ಉರಿಯುತ್ತಿಲ್ಲ ಎಂದು ನೋಡುವುದು.

ಜೊತೆಗೆ ಯಾರೂ ಇಲ್ಲದಿದ್ದರೆ ಸಂಜೆ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ ಕನ್ನಡಿಯಲ್ಲಿ ನೋಡಬಹುದು. ಹಗಲಾದರೆ ಸೀಟಿಗೂ ಪೆಡಲಿಗೂ ನಡುವೆ ಒಂದು ಕೋಲು ಒತ್ತಿಟ್ಟು ಇಳಿದು ಹಿಂದೆ ಹೋಗಿ ನೋಡುವುದು. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ.

ಮೂರೂ ಸತ್ತಿದ್ದರೆ ದೋಷ ಮೂರಕ್ಕೂ ಸಮಾನವಾದ ದಾರಿಯಲ್ಲಿದೆ: ಫ್ಯೂಸ್, ಸ್ವಿಚ್, ಅಥವಾ ಕವಲೊಡೆಯುವ ಮೊದಲಿನ ವೈರ್. ಒಂದೇ ಸತ್ತಿದ್ದರೆ ಫ್ಯೂಸನ್ನೂ ಸ್ವಿಚ್ಚನ್ನೂ ಮುಟ್ಟುವ ಅಗತ್ಯವೇ ಇಲ್ಲ. ಬಲ್ಬ್, ಹೋಲ್ಡರ್, ಆ ಬದಿಯ ಅರ್ತ್, ಇಷ್ಟರಲ್ಲೇ ಉತ್ತರವಿದೆ. ಮೇಲಿನದು ಉರಿಯುತ್ತಿದ್ದು ಕೆಳಗಿನ ಎರಡೂ ಸತ್ತಿದ್ದರೆ ಜನ ಗೊಂದಲಕ್ಕೆ ಬೀಳುತ್ತಾರೆ, ‘ಎರಡೂ ಒಟ್ಟಿಗೆ ಹೋಗಲು ಹೇಗೆ ಸಾಧ್ಯ, ಸ್ವಿಚ್ಚೇ ಇರಬೇಕು’ ಎನ್ನುತ್ತಾರೆ. ಸ್ವಿಚ್ ಕೆಟ್ಟಿದ್ದರೆ ಮೇಲಿನದು ಉರಿಯುತ್ತಿರಲಿಲ್ಲವಲ್ಲ! ಎರಡು ಬಲ್ಬ್ ಒಟ್ಟಿಗೆ ಹೋಗಿಲ್ಲ, ಒಂದು ಹೋಗಿದ್ದು ಯಾರೂ ನೋಡಿಲ್ಲ, ಅಷ್ಟೇ. ಮೇಲಿನದೊಂದೇ ಸತ್ತಿದ್ದರೆ ನೇರವಾಗಿ ಹಿಂಬಾಗಿಲಿನ ಕೀಲಿನ ಹತ್ತಿರ ಹೋಗಬೇಕು.

ಬಲ್ಬ್

ಫಿಲಮೆಂಟ್, ಅಂದರೆ ಕಾದು ಬೆಳಗುವ ತೆಳು ತಂತಿಯ ಬಲ್ಬ್ ಇರುವ ಕಾರುಗಳಲ್ಲಿ ಹೆಚ್ಚಾಗಿ ಕಾಣುವುದು ಪಿ21/5ಡಬ್ಲ್ಯೂ. ಒಂದೇ ಗಾಜಿನೊಳಗೆ ಎರಡು ಫಿಲಮೆಂಟ್: ಪಾರ್ಕಿಂಗ್ ಲೈಟಿಗೆ 5 ವ್ಯಾಟಿನದು, ಬ್ರೇಕಿಗೆ 21 ವ್ಯಾಟಿನದು. ಬುಡದಲ್ಲಿ ಎರಡು ಸೀಸದ ಚುಕ್ಕೆಗಳಿದ್ದು, ಪಕ್ಕದ ಎರಡು ಮೊಳೆಗಳು ಒಂದು ಮೇಲೆ ಒಂದು ಕೆಳಗೆ ಇರುತ್ತವೆ. ತಿರುಗಾಮುರುಗಾ ಹಾಕಲು ಬರದಂತೆ ಮಾಡಿದ ಏರ್ಪಾಡು ಅದು. ಬ್ರೇಕಿಗೇ ಬೇರೆ ಬಲ್ಬ್ ಇದ್ದರೆ ಅದು ಪಿ21ಡಬ್ಲ್ಯೂ, ಒಂದೇ ಚುಕ್ಕೆ, ಮೊಳೆಗಳು ಸಮ ಎತ್ತರದಲ್ಲಿ. ಕೆಲವು ಕಾರುಗಳಲ್ಲಿ ಲೋಹದ ಬುಡವೇ ಇಲ್ಲದ, ಗಾಜಿನ ತುದಿಯನ್ನೇ ಒತ್ತಿ ಕೂರಿಸುವ ಡಬ್ಲ್ಯೂ21/5ಡಬ್ಲ್ಯೂ ಇರುತ್ತದೆ.

ಅಂಗಡಿಯಲ್ಲಿ ಎರಡು ಪಾಯಿಂಟಿನದು ಸಿಗಲಿಲ್ಲವೆಂದು ಒಂದು ಪಾಯಿಂಟಿನ ಬಲ್ಬನ್ನು ಒತ್ತಿ ತಿರುಗಿಸಿ ಕೂರಿಸುವವರಿದ್ದಾರೆ. ಅದರ ಬುಡದ ಅಗಲ ಚುಕ್ಕೆ ಹೋಲ್ಡರಿನ ಎರಡೂ ಪಿನ್ನುಗಳನ್ನು ಸೇರಿಸಿಬಿಡುತ್ತದೆ. ಅಲ್ಲಿಂದ ಮುಂದೆ ಪಾರ್ಕಿಂಗ್ ಹಾಕಿದರೆ ಬ್ರೇಕ್ ಲೈಟ್ ಉರಿಯುತ್ತದೆ, ಬ್ರೇಕ್ ಒತ್ತಿದರೆ ಡ್ಯಾಶ್‌ಬೋರ್ಡ್ ಮೀಟರಿನ ದೀಪ ಹೊತ್ತಿಕೊಳ್ಳುತ್ತದೆ. ಬೇರೆ ಎಲ್ಲೋ ಶಾರ್ಟ್ ಆಗಿದೆಯೆಂದು ಹುಡುಕುತ್ತಾ ಕೂರುವ ಮೊದಲು ಬಲ್ಬ್ ತೆಗೆದು ಬುಡ ನೋಡುವುದು ಒಳ್ಳೆಯದು.

ಬಲ್ಬನ್ನು ಕಣ್ಣಿನಲ್ಲೇ ಪಾಸು ಮಾಡಬಾರದು. ಫಿಲಮೆಂಟ್ ತುಂಡಾಗಿ, ತುಂಡಿನ ತುದಿ ಕಂಬಕ್ಕೆ ಒರಗಿ ನಿಂತಿರುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ, ಕಾರು ಅಲುಗಿದಾಗ ಮಾತ್ರ ಬಿಡುತ್ತದೆ. ಗಾಜಿನ ಒಳಗೆ ಕಪ್ಪು ಕನ್ನಡಿಯಂತಾಗಿದ್ದರೆ ಟಂಗ್‌ಸ್ಟನ್ ಸವೆದಿದೆ, ಉರಿಯುತ್ತಿದ್ದರೂ ಬದಲಾಯಿಸುವುದೇ ಸರಿ. ಬಿಳಿ ಪುಡಿ ಕಂಡರೆ ಒಳಗೆ ಗಾಳಿ ಸೇರಿದೆ. ಅನುಮಾನವಿದ್ದರೆ ಬ್ಯಾಟರಿಗೇ ಎರಡು ವೈರ್ ಹಿಡಿದು ಉರಿಸಿ ನೋಡಿದರಾಯಿತು. ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರಿನಲ್ಲಿ ಅದರ ತಡೆ ನೋಡುವುದಾದರೆ ತಣ್ಣಗಿರುವ 21 ವ್ಯಾಟ್ ಫಿಲಮೆಂಟ್ ಒಂದು ಓಮ್‌ಗಿಂತಲೂ ಕಡಿಮೆ ತೋರಿಸುತ್ತದೆ. ಅದನ್ನು ಶಾರ್ಟ್ ಎಂದು ತಿಳಿಯಬಾರದು, ಬಿಸಿಯಾದಾಗ ಅದೇ 7 ಓಮ್ ಆಸುಪಾಸಿಗೆ ಏರುತ್ತದೆ. ಒಂದು ಬಲ್ಬ್ ವಯಸ್ಸಾಗಿ ಹೋಗಿದ್ದರೆ ಇನ್ನೊಂದರ ವಯಸ್ಸೂ ಅಷ್ಟೇ. ನೂರು ರೂಪಾಯಿ ಕೂಡ ಆಗದ ಸಾಮಾನಿಗೆ ಲೆಕ್ಕ ನೋಡದೆ ಎರಡೂ ಬದಿ ಒಟ್ಟಿಗೆ ಬದಲಾಯಿಸುವುದು ಲೇಸು.

ಅರ್ತ್ ಸಿಗದಿದ್ದಾಗ

ಬಲ್ಬ್ ಹೊಸದು, ಆದರೂ ಒಂದೇ ಬದಿ ಉರಿಯುತ್ತಿಲ್ಲ ಎಂದರೆ ನೂರರಲ್ಲಿ ಹೆಚ್ಚು ಪಾಲು ಹೋಲ್ಡರ್ ಅಥವಾ ಅರ್ತ್. ಅರ್ತ್ ದೋಷದ ಲಕ್ಷಣಗಳು ವಿಚಿತ್ರವಾಗಿ ಕಾಣುವುದರಿಂದ ಅನುಭವವಿರುವ ಎಲೆಕ್ಟ್ರಿಷಿಯನ್‌ಗಳೂ ಒಮ್ಮೊಮ್ಮೆ ದಾರಿ ತಪ್ಪುತ್ತಾರೆ. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಎಡಗಡೆಯ ಲ್ಯಾಂಪಿನ ಅರ್ತ್ ಕಡಿದಿದೆ ಎಂದಿಟ್ಟುಕೊಳ್ಳಿ. ಪಾರ್ಕಿಂಗ್ ಲೈಟ್ ಹಾಕಿ ನೋಡಿದರೆ ಎಡಗಡೆಯದು ಹೆಚ್ಚುಕಡಿಮೆ ಸರಿಯಾಗಿಯೇ ಉರಿಯುತ್ತಿರುತ್ತದೆ. ಬ್ರೇಕ್ ಒತ್ತಿದ ತಕ್ಷಣ, ಜೋರಾಗಿ ಉರಿಯಬೇಕಾದ್ದು, ಇದ್ದದ್ದೂ ಆರಿಹೋಗುತ್ತದೆ. ಏಕೆ? ಅರ್ತ್ ಇಲ್ಲದ ಕಾರಣ ಪಾರ್ಕಿಂಗ್ ಲೈಟಿನ ಕರೆಂಟ್ 5 ವ್ಯಾಟ್ ಫಿಲಮೆಂಟ್ ದಾಟಿ, ಅಲ್ಲಿಂದ ಹಿಮ್ಮುಖವಾಗಿ 21 ವ್ಯಾಟ್ ಫಿಲಮೆಂಟ್ ಮೂಲಕ ಬ್ರೇಕ್ ವೈರಿಗೆ ಇಳಿದು, ಬಲಗಡೆಯ ಬ್ರೇಕ್ ಬಲ್ಬಿನ ಮೂಲಕ ಆ ಬದಿಯ ಅರ್ತ್ ಸೇರುತ್ತಿರುತ್ತದೆ. ದೊಡ್ಡ ಫಿಲಮೆಂಟುಗಳ ತಡೆ ಕಡಿಮೆ, ಅವು ಉರಿಯುವುದಿಲ್ಲ, ಸುಮ್ಮನೆ ದಾರಿ ಕೊಡುತ್ತವೆ. ಬ್ರೇಕ್ ಒತ್ತಿದಾಗ ಆ ದಾರಿಯ ತುದಿಯಲ್ಲೂ 12 ವೋಲ್ಟ್ ಬಂದು ನಿಲ್ಲುತ್ತದೆ. ಎರಡೂ ತುದಿಯಲ್ಲಿ 12 ವೋಲ್ಟ್ ಇದ್ದರೆ ಕರೆಂಟ್ ಹರಿಯುವುದೆಲ್ಲಿಗೆ? ದೀಪ ಆರುತ್ತದೆ.

ಪಾರ್ಕಿಂಗ್ ಹಾಕದೆ ಬರೀ ಬ್ರೇಕ್ ಒತ್ತಿದರೆ ಇದೇ ಆಟ ತಿರುಗುಮುರುಗಾಗಿ ನಡೆಯುತ್ತದೆ. ಬ್ರೇಕಿನ ಕರೆಂಟ್ ಪಾರ್ಕಿಂಗ್ ವೈರಿಗೆ ನುಗ್ಗಿ ನಂಬರ್ ಪ್ಲೇಟ್ ದೀಪ, ಮುಂದಿನ ಪಾರ್ಕಿಂಗ್, ಮೀಟರಿನ ಬೆಳಕು ಎಲ್ಲವನ್ನೂ ಮಿಣಮಿಣ ಹತ್ತಿಸಲು ನೋಡುತ್ತದೆ. ಅದೇ ಅರ್ತ್‌ಗೆ ರಿವರ್ಸ್ ಲೈಟ್, ಇಂಡಿಕೇಟರ್ ಸೇರಿದ್ದರೆ ಅವೂ ಮಂದವಾಗಿ ಕುಣಿಯುತ್ತವೆ. ಒಂದು ದೀಪ ಹಾಕಿದರೆ ಸಂಬಂಧವೇ ಇಲ್ಲದ ಇನ್ನೊಂದು ಮಿಣುಕಿದರೆ ಬೇರೆ ಏನನ್ನೂ ಹುಡುಕದೆ ಅರ್ತ್ ಹುಡುಕಬೇಕು.

ಖಚಿತಪಡಿಸಿಕೊಳ್ಳಲು ಒಂದು ಮೀಟರ್ ಉದ್ದದ ವೈರ್ ಸಾಕು. ಒಂದು ತುದಿಯನ್ನು ಬಾಡಿಯ ಬಣ್ಣವಿಲ್ಲದ ಬೋಲ್ಟಿಗೆ ಸಿಕ್ಕಿಸಿ, ಇನ್ನೊಂದನ್ನು ಹೋಲ್ಡರಿನ ಅರ್ತ್ ಪಿನ್ನಿಗೆ ಮುಟ್ಟಿಸುವುದು. ದೀಪ ಧಗ್ಗನೆ ಹೊತ್ತಿದರೆ ದೋಷ ಸಿಕ್ಕಿತು. ಅರ್ತ್ ವೈರ್ ಜಪಾನ್ ಮೂಲದ ಕಾರುಗಳಲ್ಲಿ ಸಾಮಾನ್ಯವಾಗಿ ಕಪ್ಪು, ಜರ್ಮನ್ ಮೂಲದವುಗಳಲ್ಲಿ ಕಂದು. ಜರ್ಮನ್ ಪದ್ಧತಿಯ ಟರ್ಮಿನಲ್ ಸಂಖ್ಯೆಗಳು ಬರೆದಿದ್ದರೆ 31 ಅರ್ತ್, 54 ಬ್ರೇಕ್ ಲೈಟ್, 58 ಪಾರ್ಕಿಂಗ್.

ಇನ್ನು ಅಳೆಯುವ ವಿಷಯ. ಬಲ್ಬ್ ತೆಗೆದು ಹೋಲ್ಡರಿಗೆ ಮಲ್ಟಿಮೀಟರ್ ಇಟ್ಟು ‘12 ವೋಲ್ಟ್ ಬರ್ತಾ ಇದೆ, ವೈರಿಂಗ್ ಸರಿಯಿದೆ’ ಎಂದು ತೀರ್ಮಾನಿಸುವುದು ಈ ಕೆಲಸದಲ್ಲಿ ಅತಿ ಹೆಚ್ಚು ಕಾಣುವ ತಪ್ಪು. ಕಟ್ಟಿಕೊಂಡ ಪೈಪಿನಲ್ಲಿ ಕೂಡ ನಲ್ಲಿ ಮುಚ್ಚಿದ್ದಾಗ ಪ್ರೆಶರ್ ಪೂರ್ತಿ ಇರುತ್ತದೆ, ತೆರೆದಾಗಲೇ ಬಣ್ಣ ಬಯಲಾಗುವುದು. ಮೀಟರ್ ಎಳೆಯುವ ಕರೆಂಟ್ ಎಷ್ಟು ಕಡಿಮೆಯೆಂದರೆ ವೈರಿನ ಒಂದೇ ಒಂದು ಎಳೆ ಉಳಿದಿದ್ದರೂ ಅದು 12 ತೋರಿಸುತ್ತದೆ. 21 ವ್ಯಾಟ್ ಬಲ್ಬಿಗೆ ಬೇಕಾದ್ದು 1.75 ಆಂಪಿಯರ್, ಆ ಎಳೆಯಲ್ಲಿ ಅದು ಹರಿಯುವುದಿಲ್ಲ. ಆದ್ದರಿಂದ ಬಲ್ಬ್ ಜಾಗದಲ್ಲಿದ್ದು, ಬ್ರೇಕ್ ಒತ್ತಿದ್ದಾಗಲೇ ಅಳೆಯಬೇಕು. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಒಂದು ಕಡ್ಡಿ ಬಲ್ಬಿನ ಲೋಹದ ಮೈಗೆ, ಇನ್ನೊಂದು ಬ್ಯಾಟರಿಯ ಮೈನಸ್‌ಗೆ. 0.2 ವೋಲ್ಟಿಗಿಂತ ಕಡಿಮೆ ಇದ್ದರೆ ಅರ್ತ್ ಚೆನ್ನಾಗಿದೆ. ಒಂದು, ಎರಡು ವೋಲ್ಟ್ ತೋರಿಸಿದರೆ ಅಷ್ಟು ವೋಲ್ಟ್ ದೀಪಕ್ಕೆ ಸಿಗದೆ ದಾರಿಯಲ್ಲೇ ಸೋರಿಹೋಗುತ್ತಿದೆ. ಪ್ಲಸ್ ಕಡೆಯೂ ಹೀಗೆಯೇ: ಬ್ಯಾಟರಿಯ ಪ್ಲಸ್‌ನಿಂದ ಬಲ್ಬಿನ ಬ್ರೇಕ್ ಪಿನ್ನಿಗೆ ಅರ್ಧ ವೋಲ್ಟಿನೊಳಗೆ ಇರಬೇಕು. ಮೀಟರ್ ಇಲ್ಲದಿದ್ದರೆ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸೆದುಕೊಂಡು ಮಾಡಿದ ಟೆಸ್ಟ್ ಲ್ಯಾಂಪೇ ಸಾಕು. ಈ ಕೆಲಸಕ್ಕೆ ಅದು ದುಬಾರಿ ಮೀಟರಿಗಿಂತ ಮೇಲು, ಏಕೆಂದರೆ ಅದು ಸುಳ್ಳು ಹೇಳುವುದಿಲ್ಲ.

ಕಿಲುಬು ಹಿಡಿದ ಪಿನ್ನಿನಲ್ಲಿ ಒಂದೇ ಒಂದು ಓಮ್ ತಡೆ ಸೇರಿಕೊಂಡರೂ ಏನಾಗುತ್ತದೆ ನೋಡಿ. ಬಲ್ಬಿಗೆ ಸಿಗುವುದು 12.6ರ ಬದಲು 11 ವೋಲ್ಟ್ ಮಾತ್ರ. ಫಿಲಮೆಂಟಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಇಳಿಯುವುದರಿಂದ ಮೂರರಲ್ಲೊಂದು ಪಾಲು ಬೆಳಕು ಹೋದಂತೆಯೇ. ಅಲ್ಲದೆ ಆ ಪಿನ್ನಿನ ತುದಿಯಲ್ಲಿ ಎರಡೂವರೆ ವ್ಯಾಟಿನಷ್ಟು ಶಾಖ ಹುಟ್ಟುತ್ತದೆ. ಟ್ರಾಫಿಕ್ಕಿನಲ್ಲಿ ನಿಮಿಷಗಟ್ಟಲೆ ಬ್ರೇಕ್ ಒತ್ತಿಕೊಂಡೇ ನಿಲ್ಲುವ ಬೆಂಗಳೂರಿನ ಕಾರುಗಳಲ್ಲಿ ಹೋಲ್ಡರಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ಪಿನ್ ಒಳಕ್ಕೆ ಕುಸಿದಿರುವುದು ಇದರಿಂದಲೇ. ಕುಸಿದ ಪಿನ್ನಿನ ಒತ್ತಡ ಇನ್ನೂ ಕಡಿಮೆ, ಶಾಖ ಇನ್ನೂ ಜಾಸ್ತಿ. ಅಂಥ ಹೋಲ್ಡರನ್ನು ಉಜ್ಜಿ ಉಪಯೋಗವಿಲ್ಲ, ಬದಲಾಯಿಸಬೇಕು. ಕಂಪನಿಯದು ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಸ್ಪೇರ್ಸ್ ಮಾರ್ಕೆಟ್ಟಿನಲ್ಲಿ ಹೋಲ್ಡರ್ ಬಿಡಿಯಾಗಿ ಕೇಳಬಹುದು. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ.

ಬರೀ ಕಿಲುಬು ಮಾತ್ರ ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಒಣಗಿದ ಮೇಲೆ ಪಿನ್ನನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಒಂದಿಷ್ಟು ಮೇಲೆತ್ತಿದರೆ ಸಾಕು. ಉಪ್ಪುಕಾಗದ ಹಾಕಿ ತಿಕ್ಕಿದರೆ ಮೇಲಿನ ತವರದ ಲೇಪನ ಹೋಗಿ ಮುಂದಿನ ಮಳೆಗಾಲಕ್ಕೆ ಮತ್ತಷ್ಟು ಬೇಗ ಕಿಲುಬು ಹಿಡಿಯುತ್ತದೆ. ಕೊನೆಗೆ ಸಿಲಿಕೋನ್ ಗ್ರೀಸ್, ಅದಿಲ್ಲದಿದ್ದರೆ ಪೆಟ್ರೋಲಿಯಂ ಜೆಲ್ಲಿ, ತೆಳ್ಳಗೆ ಸವರುವುದು. ಕರಾವಳಿಯ ಉಪ್ಪು ಗಾಳಿಯಲ್ಲಿ ಓಡುವ ಕಾರುಗಳಿಗೆ ಇದು ಕಡ್ಡಾಯ ಎಂದೇ ಹೇಳಬೇಕು. ಲ್ಯಾಂಪಿನ ಒಳಗೆ ನೀರಿನ ಹನಿ ಕಂಡರೆ ಗ್ಯಾಸ್ಕೆಟ್ ಹೋಗಿದೆ, ಅದನ್ನು ಬಿಟ್ಟು ಪಿನ್ ಮಾತ್ರ ತೊಳೆದರೆ ಕೆಲಸ ಅರ್ಧವೇ. ಬಾಡಿಗೆ ಬಿಗಿದ ಅರ್ತ್ ಬೋಲ್ಟ್ ಹೆಚ್ಚಾಗಿ 10ರ ಸ್ಪ್ಯಾನರ್ ತಲೆಯದು. ಬಿಚ್ಚಿ, ಕೆಳಗಿನ ಬಣ್ಣ, ತುಕ್ಕು ಕೆರೆದು, ಲೋಹ ಹೊಳೆಯುವಂತೆ ಮಾಡಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಬಿಗಿದ *ಮೇಲೆ* ಗ್ರೀಸ್ ಹಚ್ಚುವುದು. ಡೆಂಟಿಂಗ್, ಪೇಂಟಿಂಗ್ ಮಾಡಿಸಿ ತಂದ ಕಾರಿನಲ್ಲಿ ಬ್ರೇಕ್ ಲೈಟ್ ಕೈಕೊಟ್ಟರೆ ಮೊದಲು ಈ ಬೋಲ್ಟೇ ನೋಡಬೇಕು. ಅದರ ಕೆಳಗೆ ಹೊಸ ಬಣ್ಣ ಕೂತಿರುತ್ತದೆ.

ಮೂರೂ ಸತ್ತಿದ್ದರೆ

ಫ್ಯೂಸ್ ಡಬ್ಬಿ ಒಂದು ಡ್ಯಾಶ್‌ಬೋರ್ಡಿನ ಕೆಳಗೆ, ಇನ್ನೊಂದು ಬಾನೆಟ್ ಒಳಗೆ. ಮುಚ್ಚಳದ ಚಿತ್ರದಲ್ಲಿ ‘ಸ್ಟಾಪ್’ ಎಂದಿರುವುದೇ ಇದರದು. ಸಾಮಾನ್ಯವಾಗಿ 10 ಆಂಪಿಯರ್ ಕೆಂಪು ಅಥವಾ 15 ಆಂಪಿಯರ್ ನೀಲಿ. ಕೆಲವು ಕಾರುಗಳಲ್ಲಿ ಹಾರ್ನಿಗೂ ಇದೇ ಫ್ಯೂಸ್. ಹಾರ್ನ್ ಕೂಡ ಸುಮ್ಮನಿದ್ದರೆ ಅರ್ಧ ಕೆಲಸ ಮುಗಿದಂತೆ. ಫ್ಯೂಸನ್ನು ಕಿತ್ತು ಬೆಳಕಿಗೆ ಹಿಡಿದು ನೋಡುವುದಕ್ಕಿಂತ, ಟೆಸ್ಟ್ ಲ್ಯಾಂಪಿನ ಒಂದು ವೈರನ್ನು ಅರ್ತ್‌ಗೆ ಹಿಡಿದು, ಇನ್ನೊಂದನ್ನು ಕೂತಲ್ಲೇ ಅದರ ತಲೆಯ ಮೇಲಿನ ಎರಡು ಸಣ್ಣ ಕಿಂಡಿಗಳಿಗೆ ಒಂದೊಂದಾಗಿ ಮುಟ್ಟಿಸುವುದು ವಾಸಿ. ಎರಡೂ ಕಡೆ ಉರಿದರೆ ಫ್ಯೂಸ್ ಸರಿ, ಒಂದೇ ಕಡೆ ಉರಿದರೆ ಹೋಗಿದೆ. ಕೂದಲೆಳೆಯ ಬಿರುಕು ಕಣ್ಣಿಗೆ ಕಾಣುವುದಿಲ್ಲ.

ಫ್ಯೂಸ್ ಹೋಗಿದ್ದರೆ ಅದು ತಾನಾಗಿ ಹೋಗಿರುವುದು ಕಡಿಮೆ. ಎರಡು ಬಲ್ಬ್ ಸೇರಿ ಎಳೆಯುವುದು 3.5 ಆಂಪಿಯರ್, ಮೂರನೆಯದು ಸೇರಿದರೂ 10ರ ಹತ್ತಿರ ಬರುವುದಿಲ್ಲ. ಎಲ್ಲೋ ಶಾರ್ಟ್ ಇದೆ. ಹೊಸ ಫ್ಯೂಸ್ ಹಾಕಿದ ಕೂಡಲೇ ಹೋದರೆ ಫ್ಯೂಸಿಗೂ ಸ್ವಿಚ್ಚಿಗೂ ನಡುವೆ, ಬ್ರೇಕ್ ಒತ್ತಿದಾಗ ಹೋದರೆ ಸ್ವಿಚ್ಚಿನಿಂದ ಹಿಂದಕ್ಕೆ. ಫ್ಯೂಸ್ ಮೇಲೆ ಫ್ಯೂಸ್ ಸುಡುವ ಬದಲು ಫ್ಯೂಸಿನ ಜಾಗದಲ್ಲಿ 21 ವ್ಯಾಟ್ ಬಲ್ಬನ್ನೇ ಸಿಕ್ಕಿಸಿ, ಕಾರಿನ ಬ್ರೇಕ್ ಬಲ್ಬುಗಳನ್ನೆಲ್ಲ ತೆಗೆದು, ಪೆಡಲ್ ಒತ್ತಿಟ್ಟರೆ ಆ ಬಲ್ಬ್ ಪೂರ್ಣ ಬೆಳಕಿನಲ್ಲಿ ಉರಿಯುತ್ತದೆ. ಆಮೇಲೆ ವೈರುಗಳನ್ನು ಜೋಡಿಸುವ ಪ್ಲಗ್‌ಗಳನ್ನು, ಅಂದರೆ ಕಪ್ಲರುಗಳನ್ನು ಒಂದೊಂದಾಗಿ ಬಿಚ್ಚುತ್ತಾ, ವೈರಿಂಗ್ ಅಲುಗಿಸುತ್ತಾ ಹೋಗುವುದು. ಎಲ್ಲಿ ಬಿಚ್ಚಿದಾಗ ಆರಿತೋ ಅಲ್ಲಿ ದೋಷ. ಡಿಕ್ಕಿಯ ಬದಿಯ ಲೈನಿಂಗ್ ಒಳಗೆ ಇಲಿ ಕಡಿದಿರುವುದು, ಆಮೇಲೆ ಹಾಕಿಸಿದ ರಿವರ್ಸ್ ಕ್ಯಾಮರಾ, ಮಿನುಗುವ ಬ್ರೇಕ್ ಲೈಟ್, ಸ್ಪಾಯ್ಲರ್ ದೀಪ ಇವುಗಳಿಗೆ ಸಿಪ್ಪೆ ಕೆರೆದು ಸುತ್ತಿದ ವೈರು, ಹುಡುಕಾಟ ಶುರುಮಾಡಬೇಕಾದ ಜಾಗಗಳು ಇವೇ. 10ರ ಜಾಗಕ್ಕೆ 30 ಆಂಪಿಯರ್ ಹಾಕಿ ‘ಈಗ ಹೋಗಲ್ಲ’ ಎನ್ನುವವರ ಕೈಗೆ ಕಾರು ಕೊಡಬಾರದು. ಫ್ಯೂಸ್ ಹೋಗುವುದಿಲ್ಲ ನಿಜ, ವೈರ್ ಹೋಗುತ್ತದೆ.

ಫ್ಯೂಸ್ ಸರಿಯಿದ್ದರೆ ಸ್ವಿಚ್. ಪೆಡಲ್ ತೋಳಿನ ಮೇಲ್ಭಾಗದಲ್ಲಿ ಕೂತಿರುವ ಸಣ್ಣ ಪ್ಲಾಸ್ಟಿಕ್ ಸಾಮಾನು. ಅದರ ಕೆಲಸ ಬಾಗಿಲಿನ ಕರೆಗಂಟೆಯದಕ್ಕೆ ಉಲ್ಟಾ: ಪೆಡಲ್ ಬಿಟ್ಟಿರುವಾಗ ಅದರ ತೋಳು ಸ್ವಿಚ್ಚಿನ ಕಡ್ಡಿಯನ್ನು ಒಳಗೆ ಒತ್ತಿ ಹಿಡಿದಿರುತ್ತದೆ, ಸಂಪರ್ಕ ಕಡಿದಿರುತ್ತದೆ. ಪೆಡಲ್ ತುಳಿದರೆ ಕಡ್ಡಿ ಹೊರಬಂದು ಸಂಪರ್ಕ ಕೂಡುತ್ತದೆ. ಸ್ವಿಚ್ ಕಳಚಿ ಬಿದ್ದರೂ ದೀಪ ಉರಿಯುತ್ತಲೇ ಇರುತ್ತದೆ, ಆರುವುದಿಲ್ಲ. ಕೆಟ್ಟರೂ ಹಿಂದಿನವರಿಗೆ ತೊಂದರೆಯಾಗದ ಕಡೆಗೆ ಕೆಡುವಂತೆ ಯೋಚಿಸಿದ್ದಾರೆ.

ಇದರಿಂದಲೇ ಇನ್ನೊಂದು ದೂರು ಹುಟ್ಟುವುದು: ಬ್ರೇಕ್ ಲೈಟ್ ಆರುವುದೇ ಇಲ್ಲ, ಬೆಳಿಗ್ಗೆಗೆ ಬ್ಯಾಟರಿ ಡೌನ್. ಪೆಡಲ್ ತೋಳಿನಲ್ಲಿ ಸ್ವಿಚ್ಚಿನ ಕಡ್ಡಿ ಒತ್ತುವ ಜಾಗದಲ್ಲಿ ಒಂದು ರಬ್ಬರ್ ಅಥವಾ ಪ್ಲಾಸ್ಟಿಕ್ ಬಿರಡೆ ಇರುತ್ತದೆ. ವರ್ಷಗಳ ಬಿಸಿಲಿಗೆ ಅದು ಪುಡಿಯಾಗಿ ಮ್ಯಾಟ್ ಮೇಲೆ ಉದುರುತ್ತದೆ, ಕಡ್ಡಿ ಆ ತೂತಿನೊಳಗೆ ತೂರಿಬಿಡುತ್ತದೆ. ಸ್ವಿಚ್ ಹೊಸದು ಹಾಕಿದರೂ ಫಲವಿಲ್ಲ. ಕಾಲಿಡುವ ಜಾಗದಲ್ಲಿ ಬಿಸ್ಕತ್ತಿನ ಚೂರಿನಂಥ ಪ್ಲಾಸ್ಟಿಕ್ ತುಣುಕು ಕಂಡರೆ ಎಸೆಯುವ ಮೊದಲು ಮೇಲೆ ಟಾರ್ಚ್ ಬಿಟ್ಟು ನೋಡಿ.

ಸ್ವಿಚ್ಚಿಗೆ ಎರಡೇ ಪಿನ್ ಇದ್ದರೆ ಪರೀಕ್ಷೆ ಅರೆ ನಿಮಿಷದ್ದು: ಕಪ್ಲರ್ ಬಿಚ್ಚಿ, ಅದರ ಎರಡು ಪಿನ್ನುಗಳ ನಡುವೆ ತುಂಡು ವೈರ್ ಸೇರಿಸಿದಾಗ ಮೂರೂ ದೀಪ ಉರಿದರೆ ಸ್ವಿಚ್ ಕೆಟ್ಟಿದೆ ಅಥವಾ ಅದರ ಜಾಗ ಸರಿದಿದೆ. ನಾಲ್ಕು ಪಿನ್ ಇದ್ದರೆ ಹೀಗೆ ಮಾಡಬಾರದು. ಇನ್ನೊಂದು ಜೋಡಿ ಎಂಜಿನ್ ಕಂಪ್ಯೂಟರಿಗೋ ಕ್ರೂಸ್ ಕಂಟ್ರೋಲಿಗೋ ಹೋಗುತ್ತದೆ, ಅದು ಉಲ್ಟಾ ಕೆಲಸ ಮಾಡುವ ಜೋಡಿ. ಸ್ವಿಚ್ಚನ್ನು ಕೈಯಲ್ಲಿ ಹಿಡಿದು ಮೀಟರಿನಲ್ಲಿ ನೋಡುವುದೇ ಸರಿ. ಇಂಥ ಕಾರುಗಳಲ್ಲಿ ಕಂಪ್ಯೂಟರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದರೆ ಪಿ0571 ಅಥವಾ ಪಿ0504 ಕೋಡ್ ಬಂದಿರಬಹುದು. ಎರಡೂ ಬ್ರೇಕ್ ಸ್ವಿಚ್ಚಿಗೇ ಸಂಬಂಧಿಸಿದ್ದು. ಆಟೊಮ್ಯಾಟಿಕ್ ಕಾರಿನ ಗೇರ್ ‘ಪಿ’ಯಿಂದ ಕದಲದಿದ್ದರೆ, ಬಟನ್ ಸ್ಟಾರ್ಟ್ ಕಾರು ಸ್ಟಾರ್ಟ್ ಆಗದಿದ್ದರೆ ಹಿಂದೆ ಹೋಗಿ ಬ್ರೇಕ್ ಲೈಟ್ ನೋಡಿ. ಪೆಡಲ್ ತುಳಿದದ್ದು ಕಂಪ್ಯೂಟರಿಗೆ ಗೊತ್ತಾಗುತ್ತಿಲ್ಲ ಎಂಬುದೇ ಕಾರಣವಿರಬಹುದು. ಡ್ಯಾಶ್ ಕೆಳಗೆ ಕೈ ಹಾಕುವಾಗ ಹಳದಿ ಬಣ್ಣದ ಕಪ್ಲರ್ ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗಿನದು.

ಹೊಸ ಸ್ವಿಚ್ ಕೂರಿಸುವುದರಲ್ಲಿ ಒಂದು ಅಪಾಯವಿದೆ. ಥ್ರೆಡ್ ಇರುವ ಹಳೆಯ ಮಾದರಿಯಲ್ಲಿ ಸ್ವಿಚ್ಚಿನ ಮೈಗೂ ಪೆಡಲ್ ತೋಳಿಗೂ ನಡುವೆ ಒಂದೆರಡು ಮಿಲಿಮೀಟರ್ ಸಂದು ಬಿಟ್ಟು ನಟ್ ಬಿಗಿಯಬೇಕು. ದೀಪ ಬೇಗ ಆರಲಿ ಎಂದು ಜಾಸ್ತಿ ಒಳಗೆ ತಿರುಗಿಸಿದರೆ ಸ್ವಿಚ್ಚೇ ಪೆಡಲನ್ನು ತಳ್ಳಿ ಹಿಡಿಯುತ್ತದೆ, ಪೆಡಲ್ ಪೂರ್ತಿ ಹಿಂದೆ ಬರುವುದಿಲ್ಲ, ಬ್ರೇಕ್ ಸದಾ ಸ್ವಲ್ಪ ಹಿಡಿದುಕೊಂಡೇ ಇರುತ್ತದೆ. ಹತ್ತು ಕಿಲೋಮೀಟರ್ ಓಡುವಷ್ಟರಲ್ಲಿ ಚಕ್ರ ಸುಡುತ್ತದೆ. ದೀಪದ ರಿಪೇರಿಯಿಂದ ಬ್ರೇಕ್ ಕೆಡುವುದು ಹೀಗೆ. ತಿರುಗಿಸಿ ಲಾಕ್ ಮಾಡುವ ಹೊಸ ಮಾದರಿಯಲ್ಲಿ ಕಡ್ಡಿಯನ್ನು ಪೂರ್ತಿ ಹೊರಗೆಳೆದು, ಪೆಡಲ್ ತುಳಿದಿಟ್ಟು, ತೂತಿಗೆ ಸೇರಿಸಿ ಎಂಟರಲ್ಲೊಂದು ಸುತ್ತು ತಿರುಗಿಸಿ, ಆಮೇಲೆ ಪೆಡಲ್ ನಿಧಾನಕ್ಕೆ ಬಿಟ್ಟರೆ ಕಡ್ಡಿ ತನ್ನ ಅಳತೆಗೆ ತಾನೇ ಕೂರುತ್ತದೆ. ಇವುಗಳಲ್ಲಿ ಹಲವು ಒಮ್ಮೆ ಕೂತರೆ ಮುಗಿಯಿತು, ಬಿಚ್ಚಿ ಮತ್ತೆ ಹಾಕಿದರೆ ಅಳತೆ ತಪ್ಪುತ್ತದೆ.

ಮೇಲಿನ ಮೂರನೇ ದೀಪ

ಈ ಮೂರನೆಯದು ಅಲಂಕಾರಕ್ಕೆ ಬಂದದ್ದಲ್ಲ. 1974ರಲ್ಲಿ ಜಾನ್ ವೋವೋಡ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞ ಸ್ಯಾನ್ ಫ್ರಾನ್ಸಿಸ್ಕೋದ ಟ್ಯಾಕ್ಸಿಗಳಿಗೆ ಹೆಚ್ಚುವರಿ ಬ್ರೇಕ್ ದೀಪ ಕಟ್ಟಿ ನೋಡಿದ. ಹಿಂದಿನಿಂದ ಗುದ್ದುವ ಅಪಘಾತಗಳು ಗಣನೀಯವಾಗಿ ಕಡಿಮೆಯಾದವು. 1986ರ ಮಾಡೆಲ್‌ಗಳಿಂದ ಅಮೆರಿಕದಲ್ಲಿ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಯಿತು. ನಮ್ಮಲ್ಲಿ ಹಳೆಯ ಬೇಸ್ ಮಾಡೆಲ್ ಹ್ಯಾಚ್‌ಬ್ಯಾಕ್‌ಗಳಲ್ಲಿ ಅದು ಇಲ್ಲದೆಯೂ ಇರಬಹುದು.

ಹ್ಯಾಚ್‌ಬ್ಯಾಕಿನಲ್ಲಿ ಇದರ ವೈರ್ ಛಾವಣಿಯಿಂದ ಹಿಂಬಾಗಿಲಿಗೆ ಒಂದು ರಬ್ಬರ್ ಕೊಳವೆಯೊಳಗೆ ದಾಟುತ್ತದೆ. ಬಾಗಿಲು ಎತ್ತಿದಾಗಲೆಲ್ಲ ಅಲ್ಲಿ ಮಡಚಿಕೊಳ್ಳುತ್ತದೆ. ವರ್ಷಾನುಗಟ್ಟಲೆ ಮಡಚಿ ಮಡಚಿ ಒಳಗಿನ ತಾಮ್ರ ತುಂಡಾಗುತ್ತದೆ, ಮೇಲಿನ ಸಿಪ್ಪೆ ಹಾಗೆಯೇ ಇರುತ್ತದೆ. ಹಿಂದಿನ ವೈಪರ್, ಗಾಜಿನ ಮಂಜು ತೆಗೆಯುವ ಡಿಫಾಗರ್, ನಂಬರ್ ಪ್ಲೇಟ್ ದೀಪ ಇವೂ ಆಗಾಗ ಕೈಕೊಡುತ್ತಿದ್ದರೆ ಅನುಮಾನವೇ ಬೇಡ. ಬ್ರೇಕ್ ಒತ್ತಿಟ್ಟು ಬಾಗಿಲನ್ನು ನಿಧಾನಕ್ಕೆ ಮೇಲೆ ಕೆಳಗೆ ಮಾಡಿದರೆ ದೀಪ ಕಣ್ಣುಮುಚ್ಚಾಲೆ ಆಡುತ್ತದೆ. ಕೊಳವೆ ಸರಿಸಿ ಒಂದೊಂದೇ ವೈರನ್ನು ಮೃದುವಾಗಿ ಎಳೆದು ನೋಡಿ, ಕಡಿದದ್ದು ರಬ್ಬರಿನಂತೆ ಉದ್ದವಾಗುತ್ತದೆ. ಕಡಿದ ಜಾಗದಲ್ಲೇ ಸುತ್ತಿ ಟೇಪ್ ಹಾಕಿದರೆ ತಿಂಗಳಲ್ಲಿ ಮತ್ತೆ ಅಲ್ಲೇ ಹೋಗುತ್ತದೆ. ಮಡಚುವ ಭಾಗವನ್ನು ಪೂರ್ತಿ ಕತ್ತರಿಸಿ, 0.75 ಚದರ ಮಿಲಿಮೀಟರಿನ ಸಣ್ಣ ಎಳೆಗಳ ಮೆತ್ತನೆಯ ವೈರ್ ತುಂಡು ಸೇರಿಸಿ, ಎರಡೂ ಬೆಸುಗೆ ಕೊಳವೆಯ ಆಚೆಗೆ, ಬಾಗದ ಜಾಗದಲ್ಲಿ ಬರುವಂತೆ ಮಾಡಬೇಕು. ಮೇಲೆ ಬಿಸಿಗೆ ಕುಗ್ಗಿ ಬಿಗಿಯುವ ಹೊದಿಕೆ, ಹೀಟ್ ಶ್ರಿಂಕ್ ಸ್ಲೀವ್. ಬೆಸುಗೆಗೆ ಮೊದಲು ಬ್ಯಾಟರಿಯ ಮೈನಸ್ ತೆಗೆದಿರಿ.

ಕಂಪ್ಯೂಟರ್ ಇರುವ ಕಾರು, ಎಲ್‌ಇಡಿ ದೀಪ

ಹೊಸ ಕಾರುಗಳಲ್ಲಿ ಸ್ವಿಚ್ ನೇರವಾಗಿ ದೀಪಕ್ಕೆ ಹೋಗುವುದಿಲ್ಲ, ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ, ಅದು ದೀಪ ಹತ್ತಿಸುತ್ತದೆ. ಶಾರ್ಟ್ ಆದರೆ ಫ್ಯೂಸ್ ಸುಡದೆ ಮಾಡ್ಯೂಲೇ ಆ ಲೈನನ್ನು ಮುಚ್ಚಿಬಿಡಬಹುದು. ಶಾರ್ಟ್ ಸರಿಮಾಡಿದರೂ ಸ್ಕ್ಯಾನರಿನಲ್ಲಿ ಕೋಡ್ ಅಳಿಸುವ ತನಕ ಕೆಲವು ಕಾರುಗಳಲ್ಲಿ ದೀಪ ಬರುವುದಿಲ್ಲ. ಒಂದೇ ಫಿಲಮೆಂಟನ್ನು ಪಾರ್ಕಿಂಗಿಗೆ ಮಂದವಾಗಿ, ಬ್ರೇಕಿಗೆ ಜೋರಾಗಿ ಉರಿಸುವ ಕಾರುಗಳೂ ಇವೆ. ಅವುಗಳಲ್ಲಿ ಕರೆಂಟನ್ನು ಕ್ಷಣಕ್ಷಣ ಕಡಿದು ಕೊಡುವುದರಿಂದ ಮೀಟರ್ ನಾಲ್ಕೋ ಐದೋ ವೋಲ್ಟ್ ತೋರಿಸಿದರೆ ದೋಷವೆಂದು ತಿಳಿಯಬಾರದು. ಇಂಥ ಲೈನಿಗೆ 21 ವ್ಯಾಟಿನ ಟೆಸ್ಟ್ ಲ್ಯಾಂಪ್ ಬೇಡ, 5 ವ್ಯಾಟಿನದು ಸಾಕು.

ಪೂರ್ತಿ ಎಲ್‌ಇಡಿ ಟೇಲ್ ಲ್ಯಾಂಪ್ ಆಗಿದ್ದರೆ ಒಳಗೆ ಬಿಚ್ಚುವಂಥದ್ದೇನೂ ಇಲ್ಲ, ಹೋದರೆ ಇಡೀ ಲ್ಯಾಂಪ್ ಸಾವಿರಾರು ರೂಪಾಯಿ. ಕೊಳ್ಳುವ ಮೊದಲು ಕಪ್ಲರಿನಲ್ಲಿ ಪ್ಲಸ್ಸೂ ಅರ್ತೂ ಬರುತ್ತಿದೆಯೇ ನೋಡಿ. ಎಡದ್ದನ್ನು ಬಲಕ್ಕೆ ಹಾಕಲಾಗದಿದ್ದರೂ ಎರಡರ ಕಪ್ಲರ್ ಒಂದೇ ರೀತಿಯಿದ್ದರೆ ಕೆಟ್ಟ ಬದಿಯ ವೈರಿಗೆ ಒಳ್ಳೆಯ ಲ್ಯಾಂಪ್ ಸಿಕ್ಕಿಸಿ ಹೊರಗೇ ಹಿಡಿದು ನೋಡಬಹುದು.

ಫಿಲಮೆಂಟ್ ತೆಗೆದು ಎಲ್‌ಇಡಿ ಬಲ್ಬ್ ಹಾಕುವವರಿಗೆ ಒಂದು ಲಾಭ ಖಂಡಿತ: ಎಲ್‌ಇಡಿ ಸುಮಾರು 0.2 ಸೆಕೆಂಡ್ ಬೇಗ ಹೊತ್ತುತ್ತದೆ. 80 ಕಿ.ಮೀ. ವೇಗದಲ್ಲಿ ಅಷ್ಟು ಹೊತ್ತಿಗೆ ಹಿಂದಿನ ಗಾಡಿ ನಾಲ್ಕು ಮೀಟರಿಗಿಂತ ಹೆಚ್ಚು ದೂರ ಬಂದಿರುತ್ತದೆ. ಆದರೆ ಲ್ಯಾಂಪಿನ ಕನ್ನಡಿ ಮಾಡಿರುವುದು ಫಿಲಮೆಂಟ್ ಇರುವ ಬಿಂದುವಿಗೆ. ಅಗ್ಗದ ಎಲ್‌ಇಡಿಯಲ್ಲಿ ಪಾರ್ಕಿಂಗಿಗೂ ಬ್ರೇಕಿಗೂ ವ್ಯತ್ಯಾಸವೇ ಕಾಣದಂತಾಗುತ್ತದೆ. ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಹಾಕಿದರೆ ಗುಲಾಬಿ ಬೆಳಕು, ಕೆಂಪನ್ನೇ ಹಾಕಬೇಕು. ಕರೆಂಟ್ ಕಡಿಮೆ ಎಳೆಯುವುದರಿಂದ ಮಾಡ್ಯೂಲ್ ‘ಬಲ್ಬ್ ಹೋಗಿದೆ’ ಎಂದು ಎಚ್ಚರಿಸುತ್ತದೆ. ಅದನ್ನು ಸುಮ್ಮನಾಗಿಸಲು, ಕರೆಂಟ್ ಎಳೆಯಲೆಂದೇ 6 ಓಮಿನ, 50 ವ್ಯಾಟಿನ ರೆಸಿಸ್ಟರ್ ಕಟ್ಟುತ್ತಾರೆ. ಅದು ಎಳೆಯುವುದು ಎರಡು ಆಂಪಿಯರ್, ಅಷ್ಟೂ ಶಾಖವಾಗುತ್ತದೆ. ಪ್ಲಾಸ್ಟಿಕ್ಕಿಗೋ ವೈರಿಗೋ ತಾಗಿಸಿ ಕಟ್ಟಿದರೆ ಕರಗಿಸಿಬಿಡುತ್ತದೆ. ಉಳಿಸಿದ ಕರೆಂಟನ್ನು ಹೀಗೆ ಸುಡುವುದರಲ್ಲಿ ಯಾವ ಜಾಣತನವಿದೆಯೋ!

ಎಲೆಕ್ಟ್ರಿಕ್ ಕಾರಿನವರು ಗಮನಿಸಬೇಕಾದ್ದು: ಬ್ರೇಕ್ ಮುಟ್ಟದೆ ಆಕ್ಸಿಲರೇಟರ್ ಬಿಟ್ಟಾಗ ಬ್ರೇಕ್ ಲೈಟ್ ಹೊತ್ತಿದರೆ ಅದು ದೋಷವಲ್ಲ. ಮೋಟರ್ ವೇಗ ತಗ್ಗಿಸುವುದು ಸೆಕೆಂಡಿಗೆ ಸೆಕೆಂಡಿಗೆ 1.3 ಮೀಟರ್ ದಾಟಿದರೆ ದೀಪ ಉರಿಯಲೇಬೇಕು ಎಂಬುದು ವಿಶ್ವಸಂಸ್ಥೆಯ ವಾಹನ ನಿಯಮ 13-ಎಚ್‌ನಲ್ಲಿದೆ.

ರಿಪೇರಿ ಮುಗಿದ ಮೇಲೆ ಬರೀ ಬ್ರೇಕ್ ಒತ್ತಿ ‘ಬಂತು’ ಎಂದು ಲ್ಯಾಂಪ್ ಮುಚ್ಚಬಾರದು. ಹೆಡ್‌ಲೈಟ್, ಹಝಾರ್ಡ್, ರಿವರ್ಸ್ ಎಲ್ಲ ಒಟ್ಟಿಗೆ ಹಾಕಿ ಆಮೇಲೆ ಬ್ರೇಕ್ ಒತ್ತಿ. ರಿವರ್ಸ್ ಹಾಕುವಾಗ ಎಂಜಿನ್ ಆಫ್ ಇದ್ದು ಇಗ್ನಿಷನ್ ಮಾತ್ರ ಆನ್ ಇರಲಿ. ಅರೆಬರೆ ಅರ್ತ್ ಇದ್ದರೆ ಆ ಹೊರೆಗೆ ಯಾವುದಾದರೊಂದು ದೀಪ ಮಂಕಾಗುತ್ತದೆ, ಇಲ್ಲವೇ ಹಝಾರ್ಡಿನ ತಾಳಕ್ಕೆ ಬ್ರೇಕ್ ಲೈಟ್ ಮಿಡಿಯುತ್ತದೆ. ಎರಡು ನಿಮಿಷ ಒತ್ತಿಟ್ಟು ಹೋಲ್ಡರಿನ ಹಿಂಭಾಗ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಪಿನ್ ಇನ್ನೂ ಸರಿಯಾಗಿ ಕಚ್ಚಿಲ್ಲ. ಸ್ವಿಚ್ ಮುಟ್ಟಿದ್ದರೆ ಒಂದು ಸುತ್ತು ಓಡಿಸಿಕೊಂಡು ಬಂದು ನಾಲ್ಕೂ ಚಕ್ರದ ಡಿಸ್ಕಿನ ಹತ್ತಿರ ಅಂಗೈ ಹಿಡಿದು ನೋಡುವುದೂ ಇದೇ ಕೆಲಸದ ಭಾಗ.